2038ರ ಗಡಿಯಾರವನ್ನು ಟೆಂಡರ್‌ನಲ್ಲೇ ಪರೀಕ್ಷಿಸಿ

2038ರ ಜನವರಿ 19, ಮಂಗಳವಾರ. ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಅದರ ಮರುಸೆಕೆಂಡಿಗೆ ಹಳೇ ವಿನ್ಯಾಸದ ಕಂಪ್ಯೂಟರ್‌ಗಳ ಪಾಲಿಗೆ 1901ರ ಡಿಸೆಂಬರ್ ಬಂದುಬಿಡಬಹುದು.

ಕಾರಣ ಸರಳ. ಯೂನಿಕ್ಸ್ ವಂಶದ ಆಪರೇಟಿಂಗ್ ಸಿಸ್ಟಂಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಅಂತ ಎಣಿಸುತ್ತಾ ಹೋಗುತ್ತವೆ. ಆ ಎಣಿಕೆಗೆ 32 ಬಿಟ್ ಜಾಗ ಕೊಟ್ಟಿದ್ದರೆ 2,14,74,83,647ಕ್ಕೆ ಭರ್ತಿ. ಇನ್ನೊಂದು ಸೇರಿಸಿದರೆ ಸಂಖ್ಯೆ ಮೈನಸ್‌ಗೆ ಜಾರುತ್ತದೆ. 64 ಬಿಟ್ ಕೊಟ್ಟರೆ ಈ ಚಿಂತೆಯೇ ಇಲ್ಲ.

ಆಪರೇಟಿಂಗ್ ಸಿಸ್ಟಂ ಬರೆಯುವವರು ತಮ್ಮ ಕೆಲಸ ಬಹುಪಾಲು ಮುಗಿಸಿದ್ದಾರೆ. 32 ಬಿಟ್ ಯಂತ್ರಗಳಿಗೂ ಓಪನ್‌ಬಿಎಸ್‌ಡಿ 2014ರಲ್ಲೇ ಪರಿಹಾರ ಕೊಟ್ಟಿತು, ಲಿನಕ್ಸ್ 2020ರ 5.6 ಆವೃತ್ತಿಯಲ್ಲಿ ಕೊಟ್ಟಿತು. ಹಾಗಾದರೆ ತಲೆಬಿಸಿ ಯಾಕೆ?

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದು ತಾಂತ್ರಿಕ ಪ್ರಶ್ನೆಗಿಂತ ಹೆಚ್ಚಾಗಿ ಸರ್ಕಾರಿ ಖರೀದಿಯ ಪ್ರಶ್ನೆಯಾಗಿ ಕಾಣುತ್ತದೆ. ಆಪರೇಟಿಂಗ್ ಸಿಸ್ಟಂ ಪಾಸಾದ ಮಾತ್ರಕ್ಕೆ ಅದರ ಮೇಲೆ ಕೂತ ತಂತ್ರಾಂಶ ಪಾಸಾಗಲ್ಲ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ 'ಟೈಮ್‌ಸ್ಟ್ಯಾಂಪ್' ಕಾಲಂ ಎಂಥ ಹೊಸ ಸರ್ವರ್ ಮೇಲಿದ್ದರೂ ಆ ಮಂಗಳವಾರವನ್ನು ದಾಟುವುದಿಲ್ಲ. ಇದು 2038ರವರೆಗೆ ಕಾಯುವ ತೊಂದರೆಯೂ ಅಲ್ಲ. ಇವತ್ತು ನೀವು ಹೊಸ ಬೈಕ್ ತಗೊಂಡರೆ ಆರ್‌ಸಿ 15 ವರ್ಷಕ್ಕೆ ಸಿಗುತ್ತದೆ, ಅಂದರೆ ಆ ಗಡಿಯಾಚೆಗೆ. 20 ವರ್ಷದ ಗೃಹಸಾಲವೂ ಅಷ್ಟೇ.

ಇನ್ನು ಸ್ಮಾರ್ಟ್ ಮೀಟರ್. ದೇಶದಲ್ಲಿ 25 ಕೋಟಿ ಹಾಕುವ ಗುರಿಯಿದೆ. ಈಗ ಗೋಡೆಗೆ ಕೂರಿಸಿದ ಮೀಟರ್ 2038ರಲ್ಲೂ ಓಡುತ್ತಿರಬೇಕು. ಆಗ ಅದಕ್ಕೆ ದಿನಾಂಕ ತಪ್ಪಿದರೆ ಬಿಲ್ ಕಟ್ಟುವವರು ನಾವು.

ಅತಿಯಾಯಿತು ಅನಿಸಿದರೆ ನ್ಯೂಜಿಲೆಂಡ್ ನೋಡಿ. 2024ರ ಫೆಬ್ರವರಿ 29ರಂದು ಅಲ್ಲಿನ ಹಲವು ಸ್ವಯಂಸೇವಾ ಪೆಟ್ರೋಲ್ ಪಂಪ್‌ಗಳು ಗಂಟೆಗಟ್ಟಲೆ ನಿಂತವು. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನೇ ಪಾವತಿ ತಂತ್ರಾಂಶ ನಿಭಾಯಿಸಲಿಲ್ಲ.

ಪರೀಕ್ಷೆ ಕಷ್ಟವೇನಲ್ಲ. ಜನಬಳಕೆಯಲ್ಲಿಲ್ಲದ ಪ್ರತಿಯೊಂದನ್ನು ತಗೊಂಡು, ನೆಟ್‌ವರ್ಕ್‌ನಿಂದ ಸಮಯ ಪಡೆಯುವುದನ್ನು ನಿಲ್ಲಿಸಿ, ಗಡಿಯಾರವನ್ನು 8:43ಕ್ಕೆ ಇಡಬೇಕು. ಗಡಿ ದಾಟಿದ ಮೇಲೆ ರೀಸ್ಟಾರ್ಟ್ ಮಾಡಿ ಬಿಲ್, ಲಾಗಿನ್, ಬ್ಯಾಕಪ್ ಎಲ್ಲವನ್ನೂ ಓಡಿಸಿ ನೋಡಬೇಕು. ತೆರೆಯ ಮೇಲೆ ಸರಿಯಾದ ದಿನಾಂಕ ಕಂಡಿತು ಅಂತ ಎದ್ದು ಬಂದರೆ ಅದು ಪರೀಕ್ಷೆಯಲ್ಲ.

ವೈಟುಕೆ ಕಾಲದಲ್ಲಿ ಜಗತ್ತಿನ ಹಳೇ ಕೋಡ್ ತಿದ್ದಿಯೇ ಬೆಂಗಳೂರಿನ ಐಟಿ ಕಂಪನಿಗಳು ಬೆಳೆದದ್ದು. 2000ದ ಜನವರಿ 1ರಂದು ಏನೂ ಆಗಲಿಲ್ಲ ಅಂತ ಈಗಲೂ ನಗುವವರಿದ್ದಾರೆ. ದೊಡ್ಡದೇನೂ ಆಗದಿದ್ದದ್ದು ಮೊದಲೇ ಕೆಲಸ ಮಾಡಿದ್ದರಿಂದ.

ಹಾಗಾಗಿ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ಯಂತ್ರ, ಪ್ರತಿ ತಂತ್ರಾಂಶದ ಟೆಂಡರ್‌ನಲ್ಲೂ 2038ರ ಪರೀಕ್ಷೆ ಷರತ್ತಾಗಬೇಕು. ಫಲಿತಾಂಶ ಜನರ ಮುಂದೆ ಬರಬೇಕು. ಕೆಟ್ಟರೆ ತಿದ್ದುವ ಖರ್ಚು ಮಾರಿದವರದ್ದು ಅಂತ ಕರಾರಿನಲ್ಲೇ ಬರೆಯಬೇಕು. ನಿಮ್ಮ ಪಾಲಿಕೆ, ನಿಮ್ಮ ವಿದ್ಯುತ್ ಕಂಪನಿ ಈ ಷರತ್ತು ಹಾಕಿದೆಯಾ? ಒಂದು ಆರ್‌ಟಿಐ ಅರ್ಜಿ ಹಾಕಿ ಕೇಳಿ.