ಪುಟ್ಟಿ ಮೆತ್ತಿದ ರೇಲಿಂಗು

ಸಹಕಾರನಗರದಿಂದ ಯಲಹಂಕ ನ್ಯೂಟೌನ್‌ವರೆಗೆ ಈಗ ಟೆರೇಸ್ ಅಂದ್ರೆ ಮರದ ರೇಲಿಂಗ್ ಇರಲೇಬೇಕು. ಇರಲಿ, ಸ್ಟೀಲ್ ಪೈಪಿಗಿಂತ ಕಣ್ಣಿಗೆ ಹಿತ. ನನ್ನ ತಕರಾರು ಅಡ್ಡಪಟ್ಟಿ ಕಂಬಕ್ಕೆ ಸೇರುವ ಎರಡಿಂಚು ಜಾಗದ ಬಗ್ಗೆ. ಬಗ್ಗಿ ನೋಡಿ. ಪಟ್ಟಿಯ ತುದಿಯನ್ನು ಕಂಬದ ಪಕ್ಕಕ್ಕೆ ಒತ್ತಿ, ಓರೆಯಾಗಿ ಎರಡು ಸ್ಕ್ರೂ ಬಿಗಿದು, ಸಂದಿಗೆ ಪುಟ್ಟಿ ಮೆತ್ತಿ ಪಾಲಿಶ್ ಹೊಡೆದಿರುತ್ತಾರೆ. "ಏನೂ ಆಗಲ್ಲ ಸಾರ್, ಗಟ್ಟಿ ಇದೆ" ಅಂತಾರೆ ಕಂಟ್ರಾಕ್ಟರು. ಗಟ್ಟಿ ಇರುತ್ತೆ, ಒಂದು ಮಳೆಗಾಲದ ಮಟ್ಟಿಗೆ.

ಮರ ಬದುಕಿದ್ದಾಗ ನೀರು ಏರಿಸಿದ ಕೊಳವೆಗಳೆಲ್ಲ ಪಟ್ಟಿಯ ತುದಿಯಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಅತಿ ಬೇಗ ನೀರು ಕುಡಿಯೋದು ಅಲ್ಲೇ. ಸ್ಕ್ರೂ ಹಿಡಿತ ಕಮ್ಮಿ ಇರೋದೂ ಅಲ್ಲೇ. ಸೆಪ್ಟೆಂಬರ್ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಪುಟ್ಟಿ ಬಿರುಕು ಬಿಡುತ್ತೆ. ಆಮೇಲೆ ಒಳಗೆ ಹೋದ ನೀರು ಸುಲಭಕ್ಕೆ ಆರಲ್ಲ. ಹೊರಗೆ ಪಾಲಿಶ್ ಮಿರಮಿರ, ಒಳಗೆ ಲಡ್ಡು.

ಮಲೆನಾಡಿನ ತೋಟದ ಉಣಗೋಲು ನೋಡಿದ್ದೀರಾ? ಎರಡು ಕಂಬ, ಕಂಬದಲ್ಲಿ ತೂತು, ತೂತಿನೊಳಗೆ ಅಡ್ಡಗೋಲು. ದನ ಬಂದು ಒರಗಿದರೂ ಭಾರ ಹೊರೋದು ಕಂಬವೇ. ಮೊಳೆ ಇದ್ರೆ ತಾನೆ ಕಿತ್ತು ಬರೋಕೆ! ರೇಲಿಂಗಿಗೆ ಬೇಕಾದ್ದೂ ಅದೇ. ಕಂಬದಲ್ಲಿ ಕಿಂಡಿ ಕೊರೆದು, ಪಟ್ಟಿಯ ತುದಿ ಒಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೀಬೇಕು. ನೀರು ಇಳಿಯೋಕೆ ಕಿಂಡಿಯ ತಳದಲ್ಲಿ ಸಣ್ಣ ತೂತು. ಅಷ್ಟು ಪುರುಸೊತ್ತಿಲ್ವಾ? ಪಟ್ಟಿಯನ್ನು ಕಂಬದ ಮುಂದೆ ಹಾಯಿಸಿ, ಆರಪಾರ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ವಾಷರ್ ಸಮೇತ. ಸಾದಾ ಕಬ್ಬಿಣ ಬೇಡ, ತುಕ್ಕು ಹಿಡಿಯುತ್ತೆ.

ಇದು ಬರೀ ಅಂದಚೆಂದದ ಮಾತಾಗಿದ್ದರೆ ನಾನು ಸುಮ್ಮನಿರ್ತಿದ್ದೆ. ಟೆರೇಸಿನ ರೇಲಿಂಗು ಮೀಟರಿಗೆ 0.75 ಕಿಲೋನ್ಯೂಟನ್, ಅಂದರೆ ಸುಮಾರು 75 ಕಿಲೋ ಭಾರದಷ್ಟು ತಳ್ಳಾಟ ತಡೀಬೇಕು ಅನ್ನುತ್ತೆ ಐ.ಎಸ್. 875. ಹೆಬ್ಬಾಳದ ಕಡೆ ಮೂರನೇ ಮಹಡಿಯಲ್ಲಿ ಬರ್ತ್‌ಡೇ ಪಾರ್ಟಿ ಇದ್ದರೆ ಫೋಟೋಗೆ ನಾಲ್ಕು ಜನ ಒಟ್ಟಿಗೆ ಒರಗ್ತಾರೆ. ಆಗ ಪುಟ್ಟಿ ಹಿಡಿಯುತ್ತಾ?

ಬಡಗಿಯನ್ನು ಬೈಯಬೇಡಿ. ರನ್ನಿಂಗ್ ಅಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಉಳಿ ಹಿಡಿದು ಕಿಂಡಿ ಕೊರೆಯೋದು ಯಾರಿಗೆ ಗಿಟ್ಟುತ್ತೆ? ಇಟಾಲಿಯನ್ ಮಾರ್ಬಲ್ಲಿಗೆ ಕೇಳಿದಷ್ಟು ಸುರಿಯೋ ನಾವು ಬಡಗಿಯ ಒಂದು ದಿನದ ಹೆಚ್ಚಿನ ಕೂಲಿಗೆ ಮುಖ ಸಿಂಡರಿಸ್ತೀವಿ. ಕಂಟ್ರಾಕ್ಟರಿಗೆ ಅದು ಚೆನ್ನಾಗಿ ಗೊತ್ತು. ಅದಕ್ಕೇ ಪುಟ್ಟಿ ಹಚ್ಚೋ ಮುಂಚೆ ಪ್ರತಿ ಸಂದಿಯನ್ನೂ ತೋರಿಸಿ ಅನ್ನಿ. ತೋರಿಸಲ್ಲ ಅಂದ್ರೆ ಬಾಕಿ ದುಡ್ಡು ಕೊಡಬೇಡಿ.