ನಿಮ್ಮ ಹೆಸರನ್ನು ಚೀನಾದಲ್ಲಿ ಯಾರೋ ಕೇಳುತ್ತಿದ್ದಾರಂತೆ!

ಕಳೆದ ಮಾವಿನ ಸೀಸನ್ ಶುರುವಾಗುವ ಹೊತ್ತಿಗೆ ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಪರಿಚಯದ ಬೆಳೆಗಾರರೊಬ್ಬರು ಫೋನ್ ಮಾಡಿದರು. ತೋಟದ ಬಾದಾಮಿ, ರಸಪುರಿಗಳನ್ನು ಮಂಡಿಗೆ ಹಾಕದೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬಾಕ್ಸ್ ಲೆಕ್ಕದಲ್ಲಿ ಮಾರುವವರು ಅವರು. ಅದಕ್ಕೆಂದೇ ತೋಟದ ಹೆಸರಿನಲ್ಲಿ ಒಂದು ಡಾಟ್ ಕಾಮ್ ವೆಬ್‌ಸೈಟ್ ಮಾಡಿಸಿದ್ದರು. ‘ನಮ್ಮ ಹೆಸರನ್ನು ಚೀನಾದವರು ಹೊಡೆದುಕೊಳ್ಳುತ್ತಿದ್ದಾರೆ, ದುಡ್ಡು ಕಳಿಸಿಬಿಡಲಾ?’ ಎಂದು ಕೇಳಿದರು.

ಅವರಿಗೆ ಬಂದಿದ್ದ ಇಂಗ್ಲಿಷ್ ಇಮೇಲ್‌ನ ಸಾರಾಂಶ ಇಷ್ಟು. ‘ನಾವು ಶಾಂಘೈನ ಡೊಮೈನ್ ನೋಂದಣಿ ಕೇಂದ್ರದವರು. ಇಲ್ಲಿನ ಒಂದು ಕಂಪನಿ ನಿಮ್ಮ ಹೆಸರಿನಲ್ಲೇ ಡಾಟ್ ಸಿಎನ್, ಡಾಟ್ ಏಷ್ಯಾ ಮುಂತಾದ ವಿಳಾಸಗಳಿಗೆ ಅರ್ಜಿ ಹಾಕಿದೆ. ಪರಿಶೀಲಿಸಿದಾಗ ಅದು ನಿಮ್ಮ ಹೆಸರು ಎಂದು ತಿಳಿಯಿತು. ಈ ಕಂಪನಿ ನಿಮ್ಮ ವಿತರಕರೇ? ಈ ಪತ್ರವನ್ನು ನಿಮ್ಮ ಸಿಇಒಗೆ ತಲುಪಿಸಿ.’ ತೋಟದ ಸಿಇಒ, ಮ್ಯಾನೇಜರ್, ಕಾವಲುಗಾರ ಎಲ್ಲವೂ ಅವರೊಬ್ಬರೇ. ‘ಅವರು ಯಾರೋ ನಮಗೆ ಗೊತ್ತಿಲ್ಲ, ದಯವಿಟ್ಟು ತಡೆಯಿರಿ’ ಎಂದು ಉತ್ತರ ಬರೆದಿದ್ದರು. ಮರುದಿನವೇ ದರಪಟ್ಟಿ ಬಂತು. ಆ ಹೆಸರುಗಳನ್ನೆಲ್ಲ ಮೊದಲು ನೀವೇ ಕೊಂಡುಕೊಳ್ಳಿ, ಕನಿಷ್ಠ ಐದು ವರ್ಷಕ್ಕೆ, ಒಟ್ಟು ಐವತ್ತು ಸಾವಿರ ರೂಪಾಯಿಗೂ ಮೇಲೆ. ರಟ್ಟಿನ ಬಾಕ್ಸ್‌ಗಳಿಗೂ ಹಣ್ಣು ಕೀಳುವವರ ಕೂಲಿಗೂ ಅವರು ತೆಗೆದಿಟ್ಟಿದ್ದ ಹಣ ಹೆಚ್ಚೂಕಡಿಮೆ ಅಷ್ಟೇ ಇತ್ತು.

ಇದು ಹಳೆಯ ಆಟ. ಪ್ರಪಂಚದ ಮೂಲೆಮೂಲೆಗೆ ಇದೇ ಇಮೇಲ್ ಕಂಪನಿಯ ಹೆಸರನ್ನಷ್ಟೇ ಬದಲಿಸಿಕೊಂಡು ವರ್ಷಗಳಿಂದ ಓಡಾಡುತ್ತಿದೆ. ಮಾಲೂರಿನ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಗಾಗಲಿ, ಮುಳಬಾಗಿಲಿನ ಹೋಟೆಲಿಗಾಗಲಿ, ಕೋಲಾರದ ಟೊಮೆಟೊ ವ್ಯಾಪಾರಿಗಾಗಲಿ ಸ್ವಂತ ವೆಬ್‌ಸೈಟ್ ಇದ್ದರೆ ಒಂದಲ್ಲ ಒಂದು ದಿನ ಬರಬಹುದು. ವಿಳಾಸ ಹುಡುಕಲು ಅವರು ಕಷ್ಟಪಡಬೇಕಿಲ್ಲ, ‘ಸಂಪರ್ಕಿಸಿ’ ಪುಟದಲ್ಲಿ ನಾವೇ ಹಾಕಿರುತ್ತೇವೆ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾಗುವವರೆಗೆ ಹೂಈಸ್ ಎಂಬ ನೋಂದಣಿ ಪಟ್ಟಿಯಲ್ಲಿ ಡೊಮೈನ್ ಮಾಲೀಕರ ಹೆಸರು, ಫೋನ್, ಇಮೇಲ್ ಸಾಮಾನ್ಯವಾಗಿ ಎಲ್ಲರಿಗೂ ಕಾಣುವಂತೆಯೇ ಇರುತ್ತಿತ್ತು.

ಬುದ್ಧಿವಂತರೂ ಇದನ್ನು ಯಾಕೆ ನಂಬುತ್ತಾರೆ? ನಮ್ಮ ಊಹೆ ಹೀಗಿದೆ. ಕೋಲಾರದ ಕಡೆ ಬೆಳೆದವರಿಗೆ ‘ಆಸ್ತಿ’ ಎಂದರೆ ಮೊದಲು ನೆನಪಾಗುವುದು ಜಮೀನು. ಜಮೀನು ಮಾರುವಾಗ ಪತ್ರಿಕೆಯಲ್ಲಿ ವಕೀಲರ ಸಾರ್ವಜನಿಕ ಪ್ರಕಟಣೆ ಬರುತ್ತದೆ: ‘ಈ ಸರ್ವೆ ನಂಬರಿನ ಮೇಲೆ ಯಾರದಾದರೂ ತಕರಾರಿದ್ದರೆ ಇಷ್ಟು ದಿನದೊಳಗೆ ತಿಳಿಸಿ.’ ಖಾತೆ ಬದಲಾವಣೆಗೂ ಆಕ್ಷೇಪಣೆಯ ಅವಧಿ ಇರುತ್ತದೆ. ಸುಮ್ಮನಿದ್ದರೆ ಹಕ್ಕು ಹೋಯಿತು ಎಂಬ ಭಯ ನಮ್ಮ ರಕ್ತದಲ್ಲೇ ಇದೆ. ಶಾಂಘೈನ ಪತ್ರ ತೊಟ್ಟುಕೊಂಡು ಬರುವುದು ಇದೇ ವೇಷವನ್ನು: ಕಚೇರಿ, ಅರ್ಜಿದಾರ, ತಕರಾರು, ಗಡುವು.

ಡೊಮೈನ್ ನೋಂದಣಿ ಜಮೀನಿನಂತೆ ನಡೆಯುವುದೇ ಇಲ್ಲ. ಅದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂತೆ. ಮೊದಲು ಹಾಕಿದವರದ್ದೇ ಸೀಟು. ರಿಜಿಸ್ಟ್ರಾರ್ ಎಂದು ಕರೆಯುವ ನೋಂದಣಿ ಕಂಪನಿಗಳು ಹೆಸರು ಖಾಲಿ ಇದೆಯೇ ಎಂದು ನೋಡುತ್ತವೆ, ಹಣ ಪಡೆಯುತ್ತವೆ, ಬರೆದುಕೊಳ್ಳುತ್ತವೆ. ಆ ಹೆಸರಿನ ತೋಟ ಶ್ರೀನಿವಾಸಪುರದಲ್ಲಿ ಇದೆಯೇ ಎಂದು ಹುಡುಕಿ ಪತ್ರ ಬರೆಯುವ ಪುರುಸೊತ್ತು ಅವಕ್ಕಿಲ್ಲ, ಅದು ಅವುಗಳ ಕೆಲಸವೂ ಅಲ್ಲ. ಡಾಟ್ ಕಾಮ್‌ನಂಥ ವಿಳಾಸಗಳ ಮೇಲ್ವಿಚಾರಣೆ 1998ರಲ್ಲಿ ಸ್ಥಾಪನೆಯಾದ ಐಕಾನ್ ಸಂಸ್ಥೆಯದು, ನಮ್ಮ ಡಾಟ್ ಇನ್ ನಿಕ್ಸಿ ಸಂಸ್ಥೆಯದು, ಚೀನಾದ ಡಾಟ್ ಸಿಎನ್ ಸಿಎನ್‌ಎನ್‌ಐಸಿಯದು. ನಿಜವಾಗಿಯೂ ಯಾರೋ ನಿಮ್ಮ ಹೆಸರಿನ ಡಾಟ್ ಸಿಎನ್ ಬಯಸಿದ್ದರೆ, ನಿಮಗೆ ಆ ಇಮೇಲ್ ಬರುವ ಮೊದಲೇ ಅದು ಅವರದಾಗಿರುತ್ತಿತ್ತು.

ಇಷ್ಟನ್ನು ಹೇಳಿದರೂ ಬೆಳೆಗಾರರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ‘ಒಂದು ವೇಳೆ ನಿಜವಾಗಿದ್ದರೆ?’ ಎಂಬ ಮುಳ್ಳು ಉಳಿಯಿತು. ಹಾಗಾಗಿ ಅವರ ಒಪ್ಪಿಗೆ ಪಡೆದು ನಾವೇ ಆಟಕ್ಕಿಳಿದೆವು. ಇದಕ್ಕೆಂದೇ ಒಂದು ಹೊಸ ಇಮೇಲ್ ವಿಳಾಸ ತೆರೆದು, ತೋಟದ ಕಚೇರಿಯವರು ಎಂದು ಹೇಳಿಕೊಂಡು, ‘ಇನ್ನು ಮುಂದೆ ಈ ವಿಳಾಸಕ್ಕೆ ಬರೆಯಿರಿ’ ಎಂದು ನೋಂದಣಿ ಕೇಂದ್ರಕ್ಕೆ ತಿಳಿಸಿದೆವು. ಮರುದಿನ ಆ ‘ಅರ್ಜಿದಾರ ಕಂಪನಿ’ಯೇ ನೇರವಾಗಿ ಬರೆಯಿತು: ‘ಈ ಹೆಸರು ನಮ್ಮ ವ್ಯಾಪಾರಕ್ಕೆ ಬೇಕೇ ಬೇಕು, ನಾವು ಹಿಂದೆ ಸರಿಯುವುದಿಲ್ಲ.’ ಬೆದರಿಕೆ ಬಲವಾಗಿಯೇ ಇತ್ತು. ಆದರೆ ಅದು ಬಂದದ್ದು ನಮ್ಮ ಹೊಸ ವಿಳಾಸಕ್ಕೆ. ಆ ವಿಳಾಸ ನೋಂದಣಿ ಕೇಂದ್ರದ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ.

ನಾವು ವಿನಯದಿಂದ ಉತ್ತರಿಸಿದೆವು. ‘ತುಂಬಾ ಸಂತೋಷ. ದಯವಿಟ್ಟು ಆ ಹೆಸರನ್ನು ಅವರಿಗೇ ಕೊಡಿ. ನಮ್ಮ ಅಭ್ಯಂತರವಿಲ್ಲ.’ ನಿಜವಾದ ಕಚೇರಿಯಾಗಿದ್ದರೆ ಕಡತ ಅಲ್ಲಿಗೆ ಮುಚ್ಚಬೇಕಿತ್ತು. ಎರಡು ದಿನ ಮೌನ. ಆಮೇಲೆ ಬಂದದ್ದು ರಿಯಾಯಿತಿ! ಐದು ವರ್ಷದ ಬದಲು ಎರಡು ವರ್ಷ ಸಾಕಂತೆ, ಹೆಸರುಗಳನ್ನೂ ಕಡಿಮೆ ಮಾಡಿದ್ದರು. ನಮ್ಮ ಹೆಸರಿನ ಮೇಲೆ ನಮಗಿಂತ ಅವರಿಗೇ ಹೆಚ್ಚು ಕಾಳಜಿ.

ಕೊನೆಗೆ ಒಂದು ಚೇಷ್ಟೆ ಮಾಡಿದೆವು. ಆ ಕ್ಷಣದಲ್ಲಿ ಬಾಯಿಗೆ ಬಂದ, ಅರ್ಥವೇ ಇಲ್ಲದ ಒಂದು ಪದ ಸೃಷ್ಟಿಸಿ, ‘ಇದು ನಮ್ಮ ಇನ್ನೊಂದು ಬ್ರ್ಯಾಂಡ್. ಇದಕ್ಕೂ ಯಾರಾದರೂ ಅರ್ಜಿ ಹಾಕಿದ್ದಾರೆಯೇ, ನೋಡಿ ಹೇಳುತ್ತೀರಾ?’ ಎಂದು ಕೇಳಿದೆವು. ಉತ್ತರ ಬರಲು ಅರ್ಧ ದಿನವೂ ಹಿಡಿಯಲಿಲ್ಲ. ಹೌದಂತೆ, ಅದೇ ಕಂಪನಿ ಅದಕ್ಕೂ ಅರ್ಜಿ ಹಾಕಿದೆಯಂತೆ! ಬೆಳೆಗಾರರು ಫೋನಿನಲ್ಲಿ ನಕ್ಕಿದ್ದು ಆಗಲೇ. ನಮ್ಮ ವಿವರಣೆಯೆಲ್ಲ ಮಾಡಲಾಗದ್ದನ್ನು ಆ ಒಂದು ಉತ್ತರ ಮಾಡಿತು. ನಾಲ್ಕು ತಿಂಗಳ ನಂತರ ನೋಡಿದಾಗಲೂ ತೋಟದ ಹೆಸರಿನ ಡಾಟ್ ಸಿಎನ್, ಡಾಟ್ ಏಷ್ಯಾ ಎರಡೂ ಖಾಲಿಯೇ ಇದ್ದವು.

ಇಂಥ ಮೋಸಗಾರರ ಜೊತೆ ಆಟವಾಡುವುದಕ್ಕೆ ಒಂದು ತರ್ಕ ಇದೆ. ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರ ಒಂದು ಪ್ರಬಂಧದಲ್ಲಿ ವಿವರಿಸಿದಂತೆ, ಲಕ್ಷ ಇಮೇಲ್ ಕಳಿಸಲು ಮೋಸಗಾರನಿಗೆ ಖರ್ಚಿಲ್ಲ, ಆದರೆ ಉತ್ತರ ಕೊಟ್ಟ ಒಬ್ಬೊಬ್ಬರ ಬೆನ್ನು ಹತ್ತಲು ಸಮಯ ಬೇಕು. ಅದಕ್ಕೇ ಮೊದಲ ಪತ್ರ ಎಷ್ಟು ಪೆದ್ದಾಗಿದ್ದರೆ ಅಷ್ಟು ಲಾಭ. ಅನುಮಾನದವರು ತಾವಾಗಿಯೇ ಉದುರಿಹೋಗಿ, ನಂಬುವವರಷ್ಟೇ ಜರಡಿಯಲ್ಲಿ ಉಳಿಯುತ್ತಾರೆ. ಹಾಗಾದರೆ ನಂಬಿದಂತೆ ನಟಿಸುವವನು ಅವನ ಸಮಯ ತಿನ್ನುತ್ತಾನೆ. ನ್ಯೂಜಿಲೆಂಡಿನ ನೆಟ್‌ಸೇಫ್ ಸಂಸ್ಥೆ 2017ರಲ್ಲಿ ಇದನ್ನೇ ಯಂತ್ರದಿಂದ ಮಾಡಿಸಿತ್ತು. ಜನ ಕಳಿಸಿಕೊಟ್ಟ ಮೋಸದ ಇಮೇಲ್‌ಗಳಿಗೆ ಅವರ ಚಾಟ್‌ಬಾಟ್ ಕೊನೆಯಿಲ್ಲದೆ ಪ್ರಶ್ನೆ ಕೇಳುತ್ತ ಕೂರುತ್ತಿತ್ತು.

ಆದರೂ ನೀವು ನಿಮ್ಮ ನಿಜವಾದ ಇಮೇಲ್‌ನಿಂದ ಇದಕ್ಕಿಳಿಯಬೇಡಿ. ಉತ್ತರ ಕೊಟ್ಟರೆ ವಿಳಾಸ ಜೀವಂತವಾಗಿದೆ ಎಂದು ಅವರಿಗೆ ಖಾತ್ರಿಯಾಗುತ್ತದೆ. ಫೋನ್ ನಂಬರ್, ಜಿಎಸ್‌ಟಿ ಪ್ರತಿ, ಆಧಾರ್ ಕೊಟ್ಟರಂತೂ ಆಟ ಅವರ ಅಂಗಳಕ್ಕೆ ಹೋಗುತ್ತದೆ. ನಾವು ಲಗತ್ತಿಸಿದ ಒಂದು ಕಡತವನ್ನೂ ತೆರೆಯಲಿಲ್ಲ, ಒಂದು ಲಿಂಕನ್ನೂ ಒತ್ತಲಿಲ್ಲ. ಹಣ ಈಗಾಗಲೇ ಹೋಗಿದ್ದರೆ ಮೊದಲು 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ತಡೆಯುವುದು ಕಷ್ಟ.

ಇಲ್ಲೊಂದು ತೊಡಕಿದೆ. ಈ ಪತ್ರ ಬರೆಯುವವರೆಲ್ಲ ಹಣ ನುಂಗಿ ಮಾಯವಾಗುತ್ತಾರೆಂದಲ್ಲ. ಕೆಲವರು ಆ ಹೆಸರುಗಳನ್ನು ನಿಜವಾಗಿಯೇ ನೋಂದಾಯಿಸಿ ಕೊಡುವುದೂ ಉಂಟು, ಹಲವು ಪಟ್ಟು ಬೆಲೆಗೆ. ಸುಳ್ಳಿರುವುದು ಅರ್ಜಿದಾರನಲ್ಲಿ, ಗಡುವಿನಲ್ಲಿ. ಅಮೆರಿಕದಲ್ಲಿ ಇದರ ದಾಯಾದಿಯೊಂದಿತ್ತು. ಡೊಮೈನ್ ರಿಜಿಸ್ಟ್ರಿ ಆಫ್ ಅಮೆರಿಕ ಎಂಬ ಕಂಪನಿ ನವೀಕರಣದ ಬಿಲ್ಲಿನಂತೆ ಕಾಣುವ ಪತ್ರಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಹಣ ಕಟ್ಟಿದವರು ತಮಗೆ ಅರಿವಿಲ್ಲದೆ ಡೊಮೈನನ್ನು ಅವರ ಬಳಿಗೆ ವರ್ಗಾಯಿಸಿರುತ್ತಿದ್ದರು. 2003ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇದರ ಮೇಲೆ ಕ್ರಮ ಕೈಗೊಂಡಿತು.

ಹಾಗೆಂದು ಹೆಸರು ಕದಿಯುವವರೇ ಇಲ್ಲವೆಂದಲ್ಲ. ಅದಕ್ಕೆ ಬೇರೆ ದಾರಿ ಇದೆ, ಮತ್ತು ಆ ದಾರಿಯ ಒಂದು ಮುಖ್ಯ ಮೈಲಿಗಲ್ಲು ಬೆಂಗಳೂರಿನದೇ. ಸಿಫಿ ಎಂಬ ಹೆಸರು ಬಳಸುತ್ತಿದ್ದ ಸತ್ಯಂ ಇನ್ಫೋವೇ ಕಂಪನಿ, ಅದೇ ಉಚ್ಚಾರದ ಡೊಮೈನ್ ಇಟ್ಟುಕೊಂಡಿದ್ದ ಸಿಫಿನೆಟ್ ಸಲ್ಯೂಷನ್ಸ್ ಮೇಲೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಯಿತು. ತಡೆಯಾಜ್ಞೆ ಸಿಕ್ಕಿತು. ಹೈಕೋರ್ಟ್ ಅದನ್ನು ತೆರವುಗೊಳಿಸಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಾಜ್ಞೆಯನ್ನೇ ಎತ್ತಿಹಿಡಿದು, ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕ್‌ನಂತೆಯೇ ಕಾನೂನಿನ ರಕ್ಷಣೆ ಇದೆ ಎಂದಿತು. ಡಾಟ್ ಕಾಮ್ ವಿವಾದಗಳಿಗೆ ಐಕಾನ್ 1999ರಲ್ಲಿ ರೂಪಿಸಿದ ವ್ಯಾಜ್ಯ ಪರಿಹಾರ ನಿಯಮಗಳಿವೆ, ಡಾಟ್ ಇನ್‌ಗೆ ಪ್ರತ್ಯೇಕ ನಿಯಮಗಳಿವೆ. ಇವೆಲ್ಲ ಚಾಲೂ ಆಗುವುದು ಇನ್ನೊಬ್ಬ ಹೆಸರನ್ನು ಹಿಡಿದ ಮೇಲೆ, ನೀವು ದೂರು ಕೊಟ್ಟಾಗ. ಮುಂಚೆಯೇ ಎಲ್ಲ ರೂಪದಲ್ಲೂ ಹೆಸರು ಕೊಂಡಿಡುತ್ತೇನೆ ಎಂದರೆ ಮುಗಿಯದ ಕೆಲಸ. ಡಾಟ್‌ನ ನಂತರದ ಬಾಲಗಳೇ ಈಗ ಸಾವಿರಕ್ಕೂ ಹೆಚ್ಚಿವೆ.

ಆಟ ಮುಗಿಸಿ ಸುಮ್ಮನಾಗುವ ಮೊದಲು, ಹೇಗೂ ಕುಳಿತಿದ್ದೇವಲ್ಲ ಎಂದು ತೋಟದ ಡಾಟ್ ಕಾಮ್‌ನ ನೋಂದಣಿ ವಿವರ ತೆಗೆದು ನೋಡಿದೆವು. ನಿಜವಾಗಿ ಎದೆ ಧಸಕ್ಕೆಂದದ್ದು ಆಗ. ಅದರ ಅವಧಿ ಜೂನ್ ಎರಡನೇ ವಾರಕ್ಕೆ, ಅಂದರೆ ಆರ್ಡರ್‌ಗಳು ತುಂಬಿ ತುಳುಕುವ ಹೊತ್ತಿಗೆ, ಮುಗಿಯುತ್ತಿತ್ತು. ಬೆಳೆಗಾರರಿಗೆ ಅದು ಗೊತ್ತೇ ಇರಲಿಲ್ಲ. ವೆಬ್‌ಸೈಟ್ ಮಾಡಿಕೊಟ್ಟಿದ್ದ ಮುಳಬಾಗಿಲಿನ ಹುಡುಗ ಡೊಮೈನನ್ನು ತನ್ನ ಖಾತೆಯಲ್ಲಿ, ತನ್ನ ಕಾಲೇಜಿನ ಇಮೇಲ್ ಕೊಟ್ಟು ಕೊಂಡಿದ್ದ. ಓದು ಮುಗಿದು ಆ ಇಮೇಲ್ ಸತ್ತಿತ್ತು. ಐಕಾನ್ ನಿಯಮದಂತೆ ರಿಜಿಸ್ಟ್ರಾರ್ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಮತ್ತು ಒಂದು ವಾರ ಮೊದಲು ಮಾಲೀಕರಿಗೆ ಎಚ್ಚರಿಕೆ ಕಳಿಸಲೇಬೇಕು. ಕಳಿಸುತ್ತಿದ್ದುದೂ ಹೌದೇನೋ, ಓದುವವರಿಲ್ಲದ ಪೆಟ್ಟಿಗೆಗೆ. ಸುಳ್ಳು ಪತ್ರ ಅಂಗಳಕ್ಕೇ ಬಂದು ಬಿದ್ದಿತ್ತು, ಓದಬೇಕಾದ ಪತ್ರ ದಾರಿಯಲ್ಲೇ ಕಳೆದುಹೋಗಿತ್ತು.

ಹುಡುಗ ಸಿಕ್ಕಿದ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು ಭಾನುವಾರ ಊರಿಗೆ ಬಂದಾಗ ಖಾತೆಗೆ ಲಾಗಿನ್ ಆಗಿ, ಡೊಮೈನನ್ನು ಬೆಳೆಗಾರರ ಹೆಸರಿಗೂ ಅವರ ಇಮೇಲ್‌ಗೂ ಬದಲಿಸಿಕೊಟ್ಟ. ಅವನ ತಪ್ಪೂ ದೊಡ್ಡದಲ್ಲ, ಕೇಳಿದವರೇ ಇರಲಿಲ್ಲ. ನಿಮ್ಮ ವೆಬ್‌ಸೈಟನ್ನೂ ಯಾರೋ ಮಾಡಿಕೊಟ್ಟಿದ್ದರೆ ಅವರಿಗೆ ಇವತ್ತೇ ಎರಡು ಪ್ರಶ್ನೆ ಕೇಳಿ: ಡೊಮೈನ್ ಯಾರ ಹೆಸರಿನಲ್ಲಿದೆ, ನವೀಕರಣದ ಪತ್ರ ಯಾವ ಇಮೇಲ್‌ಗೆ ಬರುತ್ತದೆ?

ಒಂದು ವರ್ಷದ ನವೀಕರಣಕ್ಕೆ ಆದ ಖರ್ಚು ಸಾವಿರದ ಚಿಲ್ಲರೆ. ಮೊನ್ನೆ ಬೆಳೆಗಾರರು ಇನ್ನೊಂದು ಇಮೇಲ್ ಕಳಿಸಿಕೊಟ್ಟರು. ಈ ಬಾರಿ ಕೇಂದ್ರ ಶೆನ್‌ಝೆನ್‌ನಲ್ಲಿತ್ತು, ಅರ್ಜಿದಾರ ಬೇರೆ, ಉಳಿದ ವಾಕ್ಯಗಳೆಲ್ಲ ಅವೇ. ಮೇಲೆ ಅವರೇ ಒಂದು ಸಾಲು ಬರೆದಿದ್ದರು: ‘ಇವರಿಗೂ ಒಂದು ಹೊಸ ಬ್ರ್ಯಾಂಡ್ ಹೇಳೋಣವಾ?’