ಹೊಸ ಜೀವಶಾಸ್ತ್ರ ಶಿಕ್ಷಕರ ಕೈಗೆ ಯಾವ ಪುಸ್ತಕ?

ಸಕಲೇಶಪುರ, ಆಲೂರು ಕಡೆಯ ಪ್ರೌಢಶಾಲೆಗಳಿಗೆ ಜೀವಶಾಸ್ತ್ರ ಕಲಿಸಲು ಹೊಸದಾಗಿ ಬರುವವರು ಸಾಮಾನ್ಯವಾಗಿ ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಪದವೀಧರರು. ರಸಾಯನಶಾಸ್ತ್ರವೂ ಅವರ ಹೆಗಲಿಗೇ ಬೀಳುತ್ತದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಹೇಳಬೇಕು. ಒಂದು ಒಳ್ಳೆಯ ಜೀವಶಾಸ್ತ್ರದ ಪುಸ್ತಕ ಯಾವುದು ಎಂದು ಅವರು ಹಿರಿಯ ಸಹೋದ್ಯೋಗಿಗಳನ್ನು ಕೇಳಿದರೆ ಎಸ್ಎಸ್ಎಲ್‌ಸಿ ಗೈಡು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಮೊದಲು ಕೈಗೆ ಬರುತ್ತವೆ. ಸ್ವಲ್ಪ ಮಹತ್ವಾಕಾಂಕ್ಷೆ ಇದ್ದವರು ನೀಟ್ ಕೋಚಿಂಗಿನವರು ಹೇಳುವ ದಪ್ಪ ಪುಸ್ತಕ ಹೆಸರಿಸುತ್ತಾರೆ. ಇವೆಲ್ಲ ಪರೀಕ್ಷೆ ಕೇಳುವ ಪ್ರಶ್ನೆಗೆ ಉತ್ತರ ಒದಗಿಸುವ ಪುಸ್ತಕಗಳು. ಶಿಕ್ಷಕರ ಪುಸ್ತಕವನ್ನು ಅಳೆಯಬೇಕಾದ್ದು ಮಕ್ಕಳು ಕೇಳುವ ಪ್ರಶ್ನೆಯಿಂದ ಎಂಬುದು ನನ್ನ ವಾದ. ಈ ಗುಡ್ಡಗಳಲ್ಲಿ ಅಂಥ ಪ್ರಶ್ನೆಗಳಿಗೆ ಬರವಿಲ್ಲ.

2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿ ಹೊತ್ತಿದ್ದ ಆನೆ ಅರ್ಜುನ ಸತ್ತ. ಎದುರಾದ ಸಲಗಕ್ಕೆ ಮದ ಬಂದಿತ್ತು ಎಂದು ಇಡೀ ಸೀಮೆ ಮಾತಾಡಿತು. ಮದ ಎಂದರೇನು ಎಂದು ಆ ವಾರ ಒಬ್ಬ ಹುಡುಗ ಕೇಳಿದ್ದರೆ ಗೈಡಿನಲ್ಲಿ ಉತ್ತರ ಸಿಗುತ್ತಿರಲಿಲ್ಲ. ಆದರೆ ಪ್ರಶ್ನೆ ಪಠ್ಯದ ಹೊರಗಿನದಲ್ಲ, ಹಾರ್ಮೋನುಗಳ ಪಾಠದ ಒಳಗಿನದೇ. ಹುಡುಗರ ಗಂಟಲು ಒಡೆಯುವುದಕ್ಕೆ, ಮೀಸೆ ಚಿಗುರುವುದಕ್ಕೆ ಕಾರಣವೆಂದು ಪುಸ್ತಕ ಹೇಳುವ ಟೆಸ್ಟೋಸ್ಟೆರಾನ್ ಮದದ ಕಾಲದಲ್ಲಿ ಗಂಡಾನೆಯ ರಕ್ತದಲ್ಲಿ ಹಲವು ಪಟ್ಟು ಏರುತ್ತದೆ. ಕಣ್ಣು ಕಿವಿಗಳ ನಡುವಿನ ಗ್ರಂಥಿಯಿಂದ ರಸ ಸೋರುತ್ತದೆ. ಕಾಫಿಯದೂ ಹಾಗೇ. ಒಣಹವೆಯಲ್ಲಿ ಸುಪ್ತವಾಗಿ ಕೂತ ಮೊಗ್ಗು ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಅರಳುತ್ತದೆ. ಮಳೆ ಕೈಕೊಟ್ಟರೆ ತೋಟದವರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಆಗಬೇಕು. ಸ್ವಕೀಯ, ಪರಕೀಯ ಪರಾಗಸ್ಪರ್ಶದ ವ್ಯಾಖ್ಯೆಯನ್ನು ಬಾಯಿಪಾಠ ಮಾಡುವ ಮಕ್ಕಳು ದಿನಾ ಈ ಎರಡು ಗಿಡಗಳ ನಡುವೆಯೇ ನಡೆದು ಶಾಲೆಗೆ ಬರುತ್ತಾರೆ. ಅದನ್ನು ಅವರಿಗೆ ತೋರಿಸಲು ಶಿಕ್ಷಕರಿಗೆ ಮೊದಲು ಗೊತ್ತಿರಬೇಕು, ಅಷ್ಟೆ.

ಈ ಜಿಲ್ಲೆಗೆಂದೇ ಬರೆದ ದೊಡ್ಡ ಪುಸ್ತಕವೊಂದಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ಯುಯಿಟ್ ಪಾದ್ರಿ, ಸಸ್ಯವಿಜ್ಞಾನಿ ಸಿಸಿಲ್ ಸಲ್ಡಾನಾ ಮತ್ತು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲಿ ಹೊರಬಂತು. 900ಕ್ಕೂ ಹೆಚ್ಚು ಪುಟಗಳ ಆ ಪುಸ್ತಕದ ಜೀವಾಳ ಗಿಡ ಗುರುತಿಸುವ ಸೂತ್ರಗಳಲ್ಲಿದೆ. ಎಲೆ ಎದುರುಬದುರಾಗಿದೆಯೋ ಒಂದಾದ ಮೇಲೊಂದು ಬಂದಿದೆಯೋ, ದಳಗಳು ಬಿಡಿಯೋ ಕೂಡಿಕೊಂಡಿವೆಯೋ, ಅಂಡಾಶಯ ಮೇಲಿದೆಯೋ ಕೆಳಗೋ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೆಸರಿಗೆ ತಲುಪುವ ದಾರಿ ಅದು. ಕಾಫಿಯ ರೆಂಬೆಯನ್ನೂ ಕೇಪಳದ ರೆಂಬೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಎಲೆ ಜೋಡಿಜೋಡಿ, ಎರಡು ತೊಟ್ಟುಗಳ ನಡುವೆ ಪುಟ್ಟ ಮುಳ್ಳಿನಂಥ ಉಪಪತ್ರ, ಕೊಳವೆಯಾಕಾರದ ಹೂ. ಎರಡೂ ಒಂದೇ ಕುಟುಂಬದವು ಎಂದು ಒಂಬತ್ತನೇ ತರಗತಿಯ ಹುಡುಗಿ ತಾನೇ ಕಂಡುಕೊಂಡರೆ ವರ್ಗೀಕರಣದ ಪಾಠದಲ್ಲಿ ಶಿಕ್ಷಕರಿಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಅದೇ 1976ರಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೂಡ ಪ್ರಕಟವಾಯಿತು. ಮುಂದೆ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಪ್ರಾಧ್ಯಾಪಕರ ಆ ಪುಸ್ತಕವನ್ನು ಸಾಹಿತ್ಯದ ಕಪಾಟಿನಲ್ಲಿಟ್ಟು ವಿಜ್ಞಾನದ ಮೇಷ್ಟ್ರುಗಳಿಂದ ದೂರ ಮಾಡಿದ್ದೇವೆ. ಸಸ್ಯಶಾಸ್ತ್ರವನ್ನು ನಗುನಗುತ್ತಾ ಕನ್ನಡದಲ್ಲಿ ಹೇಳುವುದು ಹೇಗೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನಮ್ಮಲ್ಲಿಲ್ಲ.

ಫಲಿತಾಂಶ ಕಡಿಮೆಯಾದರೆ ಮೇಲಧಿಕಾರಿಗಳು ಕೇಳುವುದು ಶಿಕ್ಷಕರನ್ನೇ, ಕೇಪಳವನ್ನಲ್ಲ ಎಂಬ ಆಕ್ಷೇಪ ಬರುತ್ತದೆ. ನಿಜ. ಮೊದಲ ವರ್ಷದ ಶಿಕ್ಷಕರು ಗೈಡನ್ನು ಬಿಸಾಡಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಅದು ಪಠ್ಯದ ನೆರಳು. ಪಠ್ಯ ಕುಗ್ಗಿದರೆ ಅದೂ ಕುಗ್ಗುತ್ತದೆ. 2023ರಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ ದೇಶದ ವಿಜ್ಞಾನಿಗಳು ಬಹಿರಂಗವಾಗಿ ಪ್ರತಿಭಟಿಸಿದರು. ಪಠ್ಯದಿಂದ ಹೋದದ್ದು ಶಿಕ್ಷಕರ ತಲೆಯಿಂದಲೂ ಹೋಗಬೇಕಿಲ್ಲ. ಪಕ್ಕದ ಮೂಡಿಗೆರೆಯಲ್ಲಿ ಕೂತು ತೇಜಸ್ವಿ ಬರೆದ ‘ಕರ್ವಾಲೊ’ದ ಹಾರುವ ಓತಿ ಈ ಕಾಡಿನ ಜೀವಿಯೇ. ಉದ್ದವಾಗಿ ಚಾಚಿದ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿಕೊಂಡು ಅದು ಮರದಿಂದ ಮರಕ್ಕೆ ತೇಲುತ್ತದೆ. ಇದ್ದ ಅಂಗವೇ ಹೊಸ ಕೆಲಸಕ್ಕೆ ಒದಗುವುದನ್ನು ವಿವರಿಸಲು ಡಾರ್ವಿನ್ನನ ಫಿಂಚ್ ಹಕ್ಕಿಗಳಿಗಾಗಿ ಗಲಾಪಗಸ್‌ವರೆಗೆ ಹೋಗಬೇಕಾಗಿಲ್ಲ. ಕಾದಂಬರಿ ಪಠ್ಯಪುಸ್ತಕವಲ್ಲ, ಒಪ್ಪಿದೆ; ಕುತೂಹಲ ಕೆರಳಿಸುವುದಷ್ಟೇ ಅದರ ಕೆಲಸ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಲ್ಡಾನಾ ಅವರ ಪುಸ್ತಕದ ಬಗ್ಗೆಯೇ ಇದೆ. ಅದು ಇಂಗ್ಲಿಷಿನಲ್ಲಿದೆ, ಪರಿಭಾಷೆ ಕಠಿಣ, ಹೆಸರುಗಳು ಹಳೆಯವು. ಡಿಎನ್ಎ ಆಧಾರದ ಮರುವರ್ಗೀಕರಣದ ಮೇಲೆ ನಮ್ಮ ಸೀಗೆ ಕೂಡ ಅಕೇಶಿಯ ಕುಲ ಬಿಟ್ಟು ಸೆನೆಗಾಲಿಯಕ್ಕೆ ಸೇರಿದೆ. ಪ್ರಾಣಿಗಳ ವಿಚಾರವಂತೂ ಅದರಲ್ಲಿಲ್ಲ. ಹಾಗಾಗಿ ಮೂಲವನ್ನೇ ಎಲ್ಲ ಶಾಲೆಗೂ ಹಂಚಿ ಎಂದರೆ ಅದು ಬೀರುವಿನಲ್ಲಿ ದೂಳು ತಿನ್ನುತ್ತದೆ. ಬೇಕಾದ್ದು ಅದರಿಂದ ಹುಟ್ಟುವ ಸಣ್ಣ ಕನ್ನಡ ಕೈಪಿಡಿ: ಶಾಲೆಯ ಬೇಲಿ, ತೋಟ, ಹಳ್ಳದ ದಂಡೆಯಲ್ಲಿ ಸಿಗುವ ನೂರು ಗಿಡ, ಅವುಗಳ ಜೊತೆ ಇಂಬಳ, ಹೆಜ್ಜೇನು, ಕಾಂಡಕೊರಕ, ಆನೆ, ಪ್ರತಿಯೊಂದರ ಎದುರು ಅದು ಎಂಟರಿಂದ ಹತ್ತನೇ ತರಗತಿಯ ಯಾವ ಪಾಠಕ್ಕೆ ಹೊಂದುತ್ತದೆ ಎಂಬ ಒಂದು ಸಾಲು. ಹಾಸನದಲ್ಲಿ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ, ಸರ್ಕಾರಿ ವಿಜ್ಞಾನ ಕಾಲೇಜಿದೆ. ಒಂದು ಕಡೆ ಪಾಠ ಬಲ್ಲವರು, ಇನ್ನೊಂದು ಕಡೆ ಗಿಡ ಬಲ್ಲವರು; ಇಬ್ಬರನ್ನೂ ಒಂದು ಮೇಜಿಗೆ ಕರೆಯಲು ದೊಡ್ಡ ಅನುದಾನ ಬೇಕಾಗಿಲ್ಲ. ಆ ಕೈಪಿಡಿ ಬರುವ ತನಕ ಹೊಸ ಶಿಕ್ಷಕರು ತಮ್ಮ ದುಡ್ಡಿನಲ್ಲಿ ‘ಹಸುರು ಹೊನ್ನು’ ಕೊಳ್ಳಲಿ, ದೇಹದ ಒಳಗಿನ ವ್ಯಾಪಾರಕ್ಕೆ ಎನ್‌ಸಿಇಆರ್‌ಟಿಯ 11, 12ನೇ ತರಗತಿಯ ಜೀವಶಾಸ್ತ್ರ ಇಟ್ಟುಕೊಳ್ಳಲಿ. ಗೈಡನ್ನು ಜನವರಿಯಲ್ಲಿ ತೆಗೆದರೂ ಸಾಕು.